ಹೊಳೆಸಾಲ ಹೋರಿಯ ನಲವತ್ತು ಕಡ್ಡಿ

ಹೋದ ತಿಂಗಳು ನಮ್ಮ ಮನೆಯ ಎಮ್ಮೆಗೆ ಲಸಿಕೆ ಹಾಕಲು ಹೊಸದಾಗಿ ನೌಕರಿಗೆ ಸೇರಿದ ಡಾಕ್ಟರಮ್ಮ ಮನಗೂಳಿಗೆ ಬಂದಿದ್ದಳು. ಒಳ್ಳೆಯ ಹುಡುಗಿ, ಕೈ ಚುರುಕು. ಲಸಿಕೆ ಹಾಕಿ ಕೈ ತೊಳೆದುಕೊಂಡು ಚಹಾ ಕುಡಿಯುತ್ತ ಕುಳಿತವಳು, ಎಷ್ಟೋ ಸಾವಿರ ವರ್ಷಗಳ ಹಿಂದೆ ಅಳಿದುಹೋದ ಆನೆಯಂಥ ಪ್ರಾಣಿಯೊಂದನ್ನು ಅದರ ಕೂದಲಿನೊಳಗಿನ ಜೀನುಗಳಿಂದ ಮತ್ತೆ ಹುಟ್ಟಿಸಲು ಹೊರದೇಶದವರು ಹೊರಟಿದ್ದಾರೆ ಎಂದು ಹೇಳಿದಳು. ಹೇಳುವಾಗ ಅವಳ ಮುಖವೆಲ್ಲ ಅರಳಿತ್ತು. ಆಮೇಲೆ, ‘ನಿಮ್ಮ ಕಾಲದಾಗ ಇಂಥಾದ್ದೇನೂ ಇರಲಿಲ್ಲ ಬಿಡ್ರಿ ಕಾಕಾ’ ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಪಾಪದ ಹುಡುಗಿಯ ಮೇಲೆ ಏನೇನೋ ಕೂಗಾಡಿಬಿಟ್ಟೆ. ಆಕೆ ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಎದ್ದು ಹೋದಳು. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿಯೇ. ಕೂಗಾಡುವ ಬದಲು ಕೂತು ಹೇಳಬೇಕಾಗಿತ್ತು. ಈಗ ಹೇಳುತ್ತಿದ್ದೇನೆ. ಇತ್ತವ್ವಾ, ನಮ್ಮ ಕಾಲದಲ್ಲೂ ಇತ್ತು. ಅಳಿದುಹೋಗುವ ಜೀವವನ್ನು ಹಿಡಿದಿಡುವ ವಿದ್ಯೆ ಮುದ್ದೇಬಿಹಾಳದ ದನದ ದವಾಖಾನೆಯ ಒಂದು ಮೂಲೆಯಲ್ಲಿತ್ತು. ಕೂದಲು, ಎಲುಬು ಹುಡುಕುವ ಗರಜೇ ಇರಲಿಲ್ಲ. ಅದಕ್ಕೇನಾಯಿತು ಎನ್ನುವುದನ್ನು ಈ ನೌಕರಿಗೆ ಬರುವವರೆಲ್ಲ ಒಮ್ಮೆ ಕೇಳಬೇಕು.

ನಾನು ಡಾಕ್ಟರನಲ್ಲ, ಸ್ಟಾಕ್‌ಮನ್. ಡಾಕ್ಟರ ಕೈಕೆಳಗೆ ಸೂಜಿ ಚುಚ್ಚುವವನು, ಹುಣ್ಣು ತೊಳೆಯುವವನು, ಬೆದೆಗೆ ಬಂದ ಆಕಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಹಳ್ಳಿಯವರಿಗೆ ಮಾತ್ರ ನಾವೆಲ್ಲರೂ ‘ಡಾಕ್ಟ್ರ’ರೇ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ತಾಲೂಕುಗಳಲ್ಲಿ ಸೈಕಲ್ಲು ತುಳಿದು ಎಪ್ಪತ್ತರ ದಶಕವನ್ನು ಪೂರಾ ಸವೆಸಿದೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ನನ್ನ ಹೆಂಡತಿಗೆ ನೆನಪಿದೆ. ನನಗೆ ಬೇಕಾಗಿಲ್ಲ.

ಮೊದಲ ನೌಕರಿ ಇಂಡಿಯಲ್ಲಿ. ಆಗಿನ್ನೂ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಪದ್ಧತಿ ನಮ್ಮ ಕಡೆ ಬಂದಿರಲಿಲ್ಲ. ವಿಜಾಪುರದಲ್ಲಿ ಸಾಕಿದ್ದ ಜರ್ಸಿ ಹೋರಿಯ ವೀರ್ಯವನ್ನು ತತ್ತಿಯ ಹಳದಿಯಲ್ಲಿ ಕಲಸಿ, ಬರ್ಫದ ಜೊತೆ ಥರ್ಮಾಸಿನಲ್ಲಿಟ್ಟು ಬೆಳಗಿನ ಬಸ್ಸಿಗೆ ಕೊಡುತ್ತಿದ್ದರು. ನಾನು ಸ್ಟ್ಯಾಂಡಿನಲ್ಲಿ ಕಾದು ನಿಂತು ಕಂಡಕ್ಟರನ ಕೈಯಿಂದ ಇಸಿದುಕೊಳ್ಳಬೇಕು. ಎರಡು ದಿನದೊಳಗೆ ಬಳಸಬೇಕು, ಉಳಿದದ್ದು ಗಟಾರಕ್ಕೆ.

ಎರಡು ತಿಂಗಳು ಮೈಮುರಿದು ಕೆಲಸ ಮಾಡಿದೆ. ಒಂದು ಆಕಳೂ ಗಬ್ಬವಾಗಲಿಲ್ಲ. ಸರಕಾರದ ಹೋರಿ ಗಂಡಸೇ ಅಲ್ಲ ಎಂದು ಊರಲ್ಲಿ ಮಂದಿ ನಗಾಡತೊಡಗಿದರು. ಒಂದು ದಿನ ನಾನೇ ವಿಜಾಪುರದಿಂದ ಅದೇ ಬಸ್ಸಿನಲ್ಲಿ ಬರುವ ಪ್ರಸಂಗ ಬಂತು. ನೋಡುತ್ತೇನೆ, ನಮ್ಮ ಥರ್ಮಾಸು ಡ್ರೈವರನ ಪಕ್ಕದ ಇಂಜಿನ್ನಿನ ಮೇಲೆ, ಮಡಿಚಿದ ಟವೆಲಿನ ಮೇಲೆ ದೇವರ ಹಾಗೆ ಕೂತಿದೆ. ಅದರ ಮುಚ್ಚಳ ಮೊದಲೇ ಸಡಿಲು. ಏನಪ್ಪಾ ಇದು ಎಂದು ಕೇಳಿದರೆ ಕಂಡಕ್ಟರ್ ಎದೆಯುಬ್ಬಿಸಿ, ಔಷಧವನ್ನು ಮಂದಿಯ ಕಾಲಲ್ಲಿ ಇಡಬಾರದಲ್ಲ, ಅದಕ್ಕೇ ಮೇಲೆ ಇಟ್ಟಿದ್ದೇನೆ ಎಂದ. ಬೇಸಿಗೆಯ ವಿಜಾಪುರ ರಸ್ತೆ, ಕೆಳಗೆ ಕಾದ ಇಂಜಿನ್ನು. ಎರಡು ತಿಂಗಳು ನಾನು ಆಕಳುಗಳಿಗೆ ಹಾಕಿದ್ದು ಬೆಂದ ತತ್ತಿಯ ಸಾರು!

ಆ ಕಂಡಕ್ಟರನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿದವರು ಯಾರು? ದವಾಖಾನೆಯಲ್ಲಿ ಸೂಕ್ಷ್ಮದರ್ಶಕವಿತ್ತು. ಒಂದು ಹನಿ ಇಟ್ಟು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಅದು ಕಪಾಟಿನಲ್ಲಿ, ಕಪಾಟಿಗೆ ಕೀಲಿ, ಕೀಲಿ ರಜೆಯ ಮೇಲೆ ಹೋದವರ ಕಿಸೆಯಲ್ಲಿ. ನಾನೂ ಕೇಳಲಿಲ್ಲ. ಮೇಲಿನವರಿಗೆ ತಿಳಿಸಿದಾಗ, ಬಿಸಿಲು ಹೆಚ್ಚಾದ್ದರಿಂದ ಎಂದು ಬರೆದು ಕಳಿಸು ಎಂದರು. ಬರೆದು ಕಳಿಸಿದೆ. ನೌಕರಿ ಹೀಗಿರುತ್ತದೆ ಎಂದು ಅಂದೇ ತಿಳಿದುಕೊಂಡೆ.

ಸಿಂದಗಿಗೆ ವರ್ಗವಾದ ಮೇಲೆ ಇಕ್ಕಳದ ಕಾಲ ಬಂತು. ಹೋರಿಯ ಬೀಜ ಒಡೆದು ಎತ್ತು ಮಾಡುವುದು ಒಕ್ಕಲುತನದಲ್ಲಿ ಹೊಸದೇನಲ್ಲ. ಹಿಂದೆ ಹೋರಿಯನ್ನು ಕೆಡವಿ, ಎರಡು ಬಡಿಗೆಗಳ ನಡುವೆ ಹಿಡಿದು ಬಡಿಯುತ್ತಿದ್ದರು. ಅದರ ಒದರಾಟ ಊರಿಗೆಲ್ಲ ಕೇಳುತ್ತಿತ್ತು. ನಮ್ಮ ದೊಡ್ಡ ಉಕ್ಕಿನ ಇಕ್ಕಳ ಚರ್ಮದ ಮೇಲಿನಿಂದಲೇ ಒಳಗಿನ ನರ ಒತ್ತಿ ಮುರಿಯುತ್ತಿತ್ತು. ರಕ್ತವಿಲ್ಲ, ಎರಡು ನಿಮಿಷದ ಕೆಲಸ. ಇದು ಒಳ್ಳೆಯ ಬದಲಾವಣೆಯೇ, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಆ ಕೆಲಸದಲ್ಲಿ ಪಳಗಿದೆ. ದಿನಕ್ಕೆ ಮೂವತ್ತು ಹೋರಿ ಒಡೆದು, ಸಂಜೆ ಹೋಟೆಲಿನಲ್ಲಿ ಕುಳಿತು ಅದರ ಬಡಾಯಿ ಕೊಚ್ಚಿಕೊಂಡಿದ್ದೇನೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಯಾಕೆಂದರೆ ಆಗ ಬಂದ ಹುಕುಂ ಎತ್ತು ಮಾಡುವುದಕ್ಕಲ್ಲ. ದೇಶಿ ಹೋರಿಗಳೆಲ್ಲ ನಿಕೃಷ್ಟ, ಅವುಗಳ ಸಂತಾನ ನಿಲ್ಲಬೇಕು, ಆಕಳೆಲ್ಲ ಜರ್ಸಿ ಕರು ಹಾಕಬೇಕು. ಹಾಲು ಬೇಕಿತ್ತು, ನಿಜ. ಬೇಡ ಅಂದವರು ಯಾರು? ಆದರೆ ಯಾವ ಹೋರಿ ನಿಕೃಷ್ಟ, ಯಾವುದು ಉತ್ತಮ ಎಂದು ನೋಡುವವರೇ ಇರಲಿಲ್ಲ. ನಾವು ತುಂಬುವ ಫಾರ್ಮಿನಲ್ಲಿ ಎಷ್ಟು ಎಂಬ ಕಲಮಿತ್ತು, ಯಾವ ತಳಿ ಎಂಬ ಕಲಮಿರಲಿಲ್ಲ. ಮೋರಟಗಿಯಲ್ಲಿ ಒಬ್ಬ ಮುದುಕ ತನ್ನ ಹೋರಿಯ ಹಗ್ಗ ನನ್ನ ಕೈಗೆ ಕೊಡುತ್ತ, ಸರಕಾರಕ್ಕೆ ಹೋರಿಗಳ ಮೇಲೆ ಯಾಕಿಷ್ಟು ಸಿಟ್ಟು, ಅವೇನು ಎಲೆಕ್ಷನ್ನಿಗೆ ನಿಂತಾವೇನು ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕು ಇಕ್ಕಳ ಒತ್ತಿದೆ.

ಅದೇ ಅಭಿಯಾನಕ್ಕೆ ನನ್ನನ್ನು ಬಾಗೇವಾಡಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳಿಗೆ ಕಳಿಸಿದರು. ಕೃಷ್ಣಾ ಹೊಳೆಯ ಸಾಲಿನಲ್ಲಿ ಒಂದು ದೊಡ್ಡ ತಳಿಯ ದನವಿತ್ತು. ಬೂದು ಬಿಳಿ ಬಣ್ಣ, ಉಬ್ಬಿದ ಹಣೆ, ಗಿಡ್ಡ ಕೋಡು, ಆನೆಯಂಥ ಮೈ. ಆ ಎರೆಮಣ್ಣಿನಲ್ಲಿ ಬೇರೆ ಎತ್ತು ಮೊಣಕಾಲುಮಟ ಹೂತರೆ ಇದು ನೇಗಿಲೆಳೆದುಕೊಂಡು ನಡೆಯುತ್ತಿತ್ತು. ಒಕ್ಕಲಿಗರು ಇದನ್ನು ಹೊಳೆಸಾಲ ದನ ಎನ್ನುತ್ತಿದ್ದರು. ಮೊದಲೇ ಕಡಿಮೆಯಾಗಿದ್ದ ಆ ದನ ಬರಗಾಲದಲ್ಲಿ ಮೇವಿಲ್ಲದೆ ಇನ್ನಷ್ಟು ಕರಗಿತ್ತು.

ಒಂದು ಹಳ್ಳಿಯಲ್ಲಿ ಅದೇ ತಳಿಯ ಊರಗೂಳಿಯಿತ್ತು. ಊರಗೂಳಿ ಎಂದರೆ ಏನೆಂದು ಇಂದಿನವರಿಗೆ ಹೇಳಬೇಕಾಗಿದೆ. ದೇವರ ಹೆಸರಲ್ಲಿ ಬಿಟ್ಟ ಹೋರಿ. ಅದಕ್ಕೆ ಮೂಗುದಾರವಿಲ್ಲ, ದುಡಿಮೆಯಿಲ್ಲ, ಯಾರ ಹೊಲದಲ್ಲಿ ಮೇದರೂ ಬೈಯುವಂತಿಲ್ಲ. ಊರ ಆಕಳುಗಳಿಗೆಲ್ಲ ಅದೇ ಗಂಡು. ನಮ್ಮ ಸಾಹೇಬರಿಗೆ ಅದು ಬೀದಿ ಗೂಳಿಯಾಗಿ ಕಂಡಿತು. ಅವರು ದೂರದ ಊರಿನವರು, ವಿಜಾಪುರದ ಆಫೀಸಿನಲ್ಲಿ ಕೂತು ನಾಲ್ಕು ತಾಲೂಕು ಆಳುವವರು. ಅಂದು ಜೀಪಿನಲ್ಲಿ ನಮ್ಮ ಜೊತೆಗೇ ಬಂದಿದ್ದರು. ಊರ ಗಂಡಸರೆಲ್ಲ ಹೊಲಕ್ಕೆ ಹೋದ ಹೊತ್ತು. ದೇವರದ್ದು ಅಂತಾರ್ರಿ ಸಾಹೇಬ್ರ ಎಂದೆ. ದೇವರಿಗೆ ವಿನಾಯಿತಿ ಕೊಟ್ಟ ಆರ್ಡರ್ ತೋರಿಸು ಎಂದರು. ನಾನು ಒಂದು ಜೋಳದ ಕಣಿಕೆ ಹಿಡಿದು ನಿಂತೆ. ಊರವರೆಲ್ಲರ ಕೈಯಿಂದ ತಿಂದು ಬೆಳೆದ ಗೂಳಿ, ನನ್ನ ಕೈಯಲ್ಲಿದ್ದುದಕ್ಕೂ ತಾನಾಗಿಯೇ ಬಂದು ಬಾಯಿ ಹಾಕಿತು. ಹಗ್ಗ ಹಾಕಿ ಕೆಡವಿದೆವು. ಅದು ಆ ದಿನದ ನನ್ನ ಹನ್ನೊಂದನೆಯ ಹೋರಿ.

ಮುಂದಿನ ವರ್ಷ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲಿ ದೇಸಾಯಿ ಡಾಕ್ಟರು. ಹರೆಯದವರು, ಮಾತು ಕಡಿಮೆ, ತಾವೇ ಅಂಗಿ ಕಳಚಿಟ್ಟು ಎಮ್ಮೆಯ ಹೆರಿಗೆ ಮಾಡಿಸುವವರು. ನನ್ನ ಇಡೀ ನೌಕರಿಯಲ್ಲಿ ನಾನು ಮನಸಾರೆ ಸಲಾಂ ಹೊಡೆದ ಮೇಲಧಿಕಾರಿ ಅವರೊಬ್ಬರೇ.

ಒಂದು ದಿನ ದವಾಖಾನೆಗೆ ನೀಲವ್ವ ಎಂಬ ಮುದುಕಿ ಬಂದಳು. ಒಂಬತ್ತು ಮೈಲಿಯಾಚೆ ಹೊಳೆದಂಡೆಯ ಊರು. ಗಂಡ ಸತ್ತ ಮೇಲೆ ಮಗನನ್ನು ಬೆಳೆಸುತ್ತ ಒಕ್ಕಲುತನವನ್ನು ತಾನೇ ನಡೆಸಿಕೊಂಡು ಬಂದವಳು. ಔಷಧ ಕೇಳಲಿಲ್ಲ, ಒಂದು ಹೋರಿ ಬೇಕು ಎಂದಳು. ಡಾಕ್ಟರು ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದರು.

ಅವಳ ಊರಲ್ಲೂ ಹೊಳೆಸಾಲ ತಳಿಯ ಊರಗೂಳಿಯಿತ್ತು. ಅದನ್ನು ಬಿಡುವ ಮೊದಲು ಹಿರಿಯರು ಎರಡು ವರ್ಷ ಕರುವನ್ನು ನೋಡುತ್ತಿದ್ದರಂತೆ. ತಾಯಿಯ ಹಾಲು, ಕಾಲಿನ ಗಟ್ಟಿತನ, ನಡಿಗೆ, ಸಿಟ್ಟು, ಎಲ್ಲ ಪಾಸಾದರೆ ಮಾತ್ರ ದೇವರಿಗೆ. ನಾಲ್ಕು ವರ್ಷಕ್ಕೊಮ್ಮೆ, ಹೊಳೆ ಇಳಿದಾಗ, ಬಾಗೇವಾಡಿ ಕಡೆಯ ಇನ್ನೊಂದು ಊರಿನ ಗೂಳಿಯ ಜೊತೆ ಅದಲು ಬದಲು. ಅಪ್ಪನೇ ಮಗಳನ್ನು ಏರಬಾರದು, ಸಂತಾನ ಕುಗ್ಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾವು ಪುಸ್ತಕ ಓದಿ ಪರೀಕ್ಷೆ ಬರೆದು ಕಲಿತದ್ದನ್ನು ಅವರು ಹೊಳೆದಂಡೆಗುಂಟ ಗೂಳಿ ನಡೆಸಿಕೊಂಡು ಹೋಗಿ ಮಾಡುತ್ತಿದ್ದರು. ನಾವು ಅವರಿಗೆ ಬುದ್ಧಿ ಹೇಳಲು ಹೋದವರು!

ಈ ಸಲ ಬದಲಿಗೆ ಹೋದರೆ ಆ ಊರ ಗೂಳಿಯ ಬೀಜ ಯಾರೋ ಒಡೆದು ಹೋಗಿದ್ದರಂತೆ. ಅವಳ ಊರ ಗೂಳಿಗೆ ಮುಪ್ಪು ಬಂದಿದೆ. ಸಾಕಿಕೊಳ್ಳಲು ಕೊಡಿ ಎಂದು ಕೇಳಿ ತವರುಮನೆಯಿಂದ ಅವಳು ತಂದ ಒಂದು ಹೆಣ್ಣುಗರು ಇದೆ, ಹೆಸರು ಚಂದ್ರಿ. ಸುತ್ತ ಏಳು ಹಳ್ಳಿಯಲ್ಲಿ ಆ ತಳಿಯ ಹೆಣ್ಣು ಅದೊಂದೇ. ಅದು ಬೆದೆಗೆ ಬರಲು ಇನ್ನೂ ವರ್ಷದ ಮೇಲಾಗುತ್ತದೆ, ಅಷ್ಟರೊಳಗೆ ಗೂಳಿ ಸತ್ತರೆ ಮುಂದೇನು? ಇದು ಅವಳ ಪ್ರಶ್ನೆ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಎಲ್ಲಿಂದ ಬಂದವನೆಂದು ಅವರಿಗೆ ಗೊತ್ತಿತ್ತು. ನಾನು ನೆಲ ನೋಡಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ವರ್ಷವೇ ನಮ್ಮಲ್ಲಿ ಸಾರಜನಕದ ಕ್ಯಾನು ಬಂದಿತ್ತು. ದ್ರವರೂಪದ ಸಾರಜನಕ, ಮುಟ್ಟಿದರೆ ಬೆರಳು ಉದುರಿಹೋಗುವಷ್ಟು ತಂಪು. ವೀರ್ಯವನ್ನು ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ತುಂಬಿ ಅದರಲ್ಲಿ ಮುಳುಗಿಸಿಟ್ಟರೆ ಹತ್ತು ವರ್ಷವಾದರೂ ಕೆಡುವುದಿಲ್ಲ. ಹೋರಿ ಸತ್ತು ಮಣ್ಣಾದ ಮೇಲೂ ಕರು ಹುಟ್ಟುತ್ತದೆ. ಇಲಾಖೆ ಅದನ್ನು ಕೊಟ್ಟದ್ದು ಜರ್ಸಿಗಾಗಿ. ದೇಸಾಯಿ ಡಾಕ್ಟರಿಗೆ ಮಾತ್ರ ನೀಲವ್ವನ ಊರಿನ ಗೂಳಿ ನೆನಪಾಯಿತು. ಯಾರ ಆರ್ಡರೂ ಇಲ್ಲದೆ, ಅವರ ಸಹಪಾಠಿಯೊಬ್ಬರಿದ್ದ ದೂರದ ಊರಿನ ಪ್ರಯೋಗಾಲಯಕ್ಕೆ ಪತ್ರ ಬರೆದರು.

ಗೂಳಿಯಿಂದ ವೀರ್ಯ ತೆಗೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಅದಕ್ಕೆ ಒಂದು ಆಕಳನ್ನು ನಿಲ್ಲಿಸಿ, ಏರುವ ಹೊತ್ತಿಗೆ ಸರಿಯಾಗಿ ಬಿಸಿನೀರಿನ ರಬ್ಬರಿನ ಕೊಳವೆ ಹಿಡಿಯಬೇಕು. ಎರಡು ಸಲ ಗೂಳಿ ಡಾಕ್ಟರನ್ನು ಕೆಡವಿತು. ಊರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಮೂರನೆಯ ಸಲ ನೀಲವ್ವ ತಾನೇ ಮುಂದೆ ನಿಂತು ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತ ಸಮಾಧಾನ ಮಾಡಿದಳು. ಕೆಲಸವಾಯಿತು.

ಡಾಕ್ಟರು ಚೀಲದಿಂದ ತತ್ತಿ ತೆಗೆದಾಗ ಅವಳು ಹೌಹಾರಿದಳು. ಲಿಂಗಕಟ್ಟಿದ ಮನೆ, ಅಂಗಳದಲ್ಲಿ ತತ್ತಿ! ಇದೇನೆಂದು ಕೇಳಿದಳು. ಇದು ಬೇರೆ ಔಷಧ ಎಂದು ನಾನಾದರೆ ಹೇಳಿಬಿಡುತ್ತಿದ್ದೆ. ಡಾಕ್ಟರು, ‘ತತ್ತಿನ ಯವ್ವಾ. ಇದರ ಹಳದಿ ಇಲ್ಲಂದ್ರ ದಾರ್ಯಾಗ ಸಾಯ್ತೈತಿ’ ಎಂದರು.

ಅವಳು ತತ್ತಿಯನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದಳು. ‘ಖರೇ ಹೇಳಿದ್ರಿ, ಛಲೋ ಆತು. ಹೊಸ್ತಿಲ ದಾಟಿ ತರಬ್ಯಾಡ್ರಿ, ಆ ಬನ್ನಿಗಿಡದ ಬುಡಕ ಮಾಡ್ಕೋರಿ’ ಎಂದಳು. ತಾನೇ ನೀರು ತಂದುಕೊಟ್ಟಳು.

ಡಾಕ್ಟರು ಬರ್ಫದ ಥರ್ಮಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ಏಳು ತಾಸು ಬಸ್ಸಿನಲ್ಲಿ ಕುಳಿತು ಹೋದರು. ನಾಲ್ಕು ದಿನದ ಮೇಲೆ ಸಣ್ಣದೊಂದು ಸಾರಜನಕದ ಡಬ್ಬಿಯಲ್ಲಿ ನಲವತ್ತು ಕಡ್ಡಿ ತಂದರು. ಒಂದನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರಂತೆ, ಜೀವ ಕುದಿಯುತ್ತಿತ್ತಂತೆ. ನಮ್ಮ ಕ್ಯಾನಿನಲ್ಲಿ ಒಂದು ಬಟ್ಟಲನ್ನು ಅದಕ್ಕೇ ಮೀಸಲಿಟ್ಟು, ಕೆಂಪು ದಾರ ಕಟ್ಟಿದೆವು. ನೀಲವ್ವ ಒಂದು ಸಲ ಬಂದು ನೋಡಿ ಹೋದಳು. ಬಾಯಿ ತೆರೆದರೆ ಹೊಗೆಯಾಡುವ ಆ ಡಬ್ಬಿಗೆ ಅವಳು ಕೈ ಮುಗಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಗೂಳಿ ಸತ್ತಿತು. ಊರವರು ಬಾಜಾಬಜಂತ್ರಿಯೊಂದಿಗೆ ಅದನ್ನು ಹೂಳಿದರು. ನೀಲವ್ವ ಅತ್ತಳಂತೆ, ಆದರೆ ಎದೆಗುಂದಲಿಲ್ಲ. ನಮ್ಮ ಹೋರಿ ಮುದ್ದೇಬಿಹಾಳದಾಗ ಐತಿ ಎಂದು ಎಲ್ಲರಿಗೂ ಹೇಳುತ್ತಿದ್ದಳಂತೆ. ಮುಂದಿನ ಬೇಸಿಗೆಯಲ್ಲಿ ದೇಸಾಯಿ ಡಾಕ್ಟರಿಗೆ ವರ್ಗವಾಯಿತು. ಹೋಗುವಾಗ ನನ್ನನ್ನು ಕರೆದು, ‘ಈ ಕಡ್ಡಿ ಸರಕಾರದ್ದಲ್ಲೋ, ಆ ಮುದುಕಿದು. ನಾಕ ದಿನಕ್ಕೊಮ್ಮೆ ಕೋಲ ಇಳಿಸಿ ನೋಡು, ಸಾರಜನಕ ಇಳೀಗೊಡಬ್ಯಾಡ’ ಎಂದರು. ನಾನು ಹೂಂ ಎಂದೆ. ಆರು ತಿಂಗಳು ಒಂದು ಸಲವೂ ತಪ್ಪದೆ ಕೋಲು ಇಳಿಸಿ ನೋಡಿದೆ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕ.

ಆಮೇಲೆ ಬಾಗೇವಾಡಿಯಲ್ಲಿ ಮಿಶ್ರತಳಿ ಕರುಗಳ ಪ್ರದರ್ಶನ ನಿಶ್ಚಯವಾಯಿತು. ದೊಡ್ಡವರು ಬರುವವರಿದ್ದರು. ಪ್ರತಿ ದವಾಖಾನೆಯ ಕ್ಯಾನೂ ವಿದೇಶಿ ಕಡ್ಡಿಗಳಿಂದ ತುಂಬಿರಬೇಕೆಂದು ಅಪ್ಪಣೆ. ನಮ್ಮಲ್ಲಿ ಎರಡು ಕ್ಯಾನು, ಅದರಲ್ಲಿ ಒಂದು ಹಾಳಾಗಿತ್ತು. ಅದರ ಹೊರಮೈ ಮೇಲೆಲ್ಲ ಹಿಮ ಕಟ್ಟುತ್ತಿತ್ತು, ಒಂದು ವಾರ ಇರಬೇಕಾದ ಸಾರಜನಕ ಎರಡೇ ದಿನದಲ್ಲಿ ಹಾರಿಹೋಗುತ್ತಿತ್ತು. ರಿಪೇರಿಗೆ ಮೂರು ಸಲ ಬರೆದಿದ್ದೆವು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ!

ಸಾಹೇಬರು ಜೀಪಿನಲ್ಲಿ ಕಡ್ಡಿ ತುಂಬಿಕೊಂಡು ಬಂದರು. ಒಳ್ಳೆಯ ಕ್ಯಾನು ತೆರೆಸಿದರು, ಕೆಂಪು ದಾರದ ಬಟ್ಟಲು ನೋಡಿದರು. ಯಾವ ಹೋರಿ ಎಂದು ಕೇಳಿದರು. ಹೇಳಿದೆ.

‘ಈ ಹೋರಿಗೆ ನಂಬರ್ ಇದೆಯೇನ್ರೀ?’ ಎಂದರು.

‘ಇಲ್ರಿ.’

‘ನಂಬರ್ ಇಲ್ಲದ ಹೋರಿ ನಮ್ಮ ಇಲಾಖೆಯಲ್ಲಿ ಇಲ್ಲ. ತೆಗೀರಿ.’

ಕೂಗಲಿಲ್ಲ, ಗದರಲಿಲ್ಲ. ಹಲ್ಲು ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುತ್ತ ಹೇಳಿದರು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಹೊಳೆಯ ಎರಡೂ ದಂಡೆಯ ಊರುಗಳು ತಲೆತಲಾಂತರದಿಂದ ಆರಿಸಿ ಆರಿಸಿ ಕಾಯ್ದುಕೊಂಡು ಬಂದ ರಕ್ತ, ಒಬ್ಬ ಮನುಷ್ಯ ಹಲ್ಲು ಕೆದಕುವ ಹೊತ್ತಿನಲ್ಲಿ ಮುಗಿಯಿತು.

ಅವರದ್ದೊಂದೇ ತಪ್ಪೇ? ಅಲ್ಲ. ಇಲ್ಲಿಂದ ಮುಂದೆ ನನ್ನದು. ಹಾಳಾದ ಕ್ಯಾನಿನಲ್ಲಿ ಅಂದು ಒಂದು ಗೇಣು ಸಾರಜನಕವಿತ್ತು. ಕಡ್ಡಿಗಳನ್ನು ಅದಕ್ಕೆ ಇಳಿಸಿ, ಮೂರು ಗಂಟೆಯ ಬಸ್ಸಿಗೆ ಹಾಕಿಕೊಂಡು ಹೋಗಿದ್ದರೆ ರಾತ್ರಿಯೊಳಗೆ ಇಂಡಿ ಮುಟ್ಟುತ್ತಿದ್ದೆ. ಅಲ್ಲಿ ಗಟ್ಟಿಯಾದ ಕ್ಯಾನಿತ್ತು, ಗುರುತಿನ ಸ್ಟಾಕ್‌ಮನ್ ಇದ್ದ. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಸಾಹೇಬರು ‘ತೆಗೀರಿ’ ಎಂದ ಗಳಿಗೆಯಲ್ಲೇ ಹೊಳೆಯಿತು. ಸಾಹೇಬರು ಚಹಾ ಕುಡಿಯಲು ಹೋದರೆ ಸಾಕಾಗಿತ್ತು, ಹೋದರು ಕೂಡ. ಆದರೆ ಬಾಗೇವಾಡಿಗೆ ವರ್ಗ ಮಾಡಿಕೊಡಿ ಎಂಬ ನನ್ನ ಅರ್ಜಿ ಅವರ ಮೇಜಿನ ಮೇಲಿತ್ತು. ಬಾಗೇವಾಡಿಯಾದರೆ ಮನಗೂಳಿಯ ನಮ್ಮ ಮನೆಯಿಂದಲೇ ಓಡಾಡಬಹುದು, ಹೆಂಡತಿ ಮಕ್ಕಳ ಜೊತೆ ಬಿಸಿ ರೊಟ್ಟಿ ಉಣ್ಣಬಹುದು. ಬಿಸಿ ರೊಟ್ಟಿಗಾಗಿ, ಇನ್ನೇನಕ್ಕೂ ಅಲ್ಲ.

ಬಟ್ಟಲು ಎತ್ತಿ ಕಡ್ಡಿಗಳನ್ನು ಹೊರಗೆ ಪಡಸಾಲೆಯಲ್ಲಿ ಸುರಿದೆ. ಬಿಸಿಲು ಬಿದ್ದಿತ್ತು. ಬಿಳಿ ಹೊಗೆ ಎದ್ದಿತು, ಕಡ್ಡಿಗಳು ಚಟಚಟ ಎಂದವು. ಒಂದು ನಿಮಿಷದಲ್ಲಿ ಹೊಗೆ ನಿಂತು ನೆಲ ಒದ್ದೆಯಾಯಿತು. ಕಸಬರಿಗೆ ತಂದು ನಾನೇ ಗುಡಿಸಿದೆ. ಪ್ರದರ್ಶನ ಬಹಳ ಚೆನ್ನಾಗಿ ನಡೆಯಿತು. ಕರುಗಳಿಗೆ ರಿಬ್ಬನ್ನು ಕಟ್ಟಿದ್ದರು.

ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ದವಾಖಾನೆ ತೆರೆಯುವ ಹೊತ್ತಿಗೆ ನೀಲವ್ವ ಚಂದ್ರಿಯ ಹಗ್ಗ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಚಂದ್ರಿ ತುಂಬಿದ ಮೈಯ ಆಕಳಾಗಿತ್ತು, ಮೊದಲ ಬೆದೆ. ನಸುಕಿನಲ್ಲೇ ಹೊರಟು ಒಂಬತ್ತು ಮೈಲಿ ನಡೆಸಿಕೊಂಡು ಬಂದಿದ್ದಳು. ಹಣೆಗೆ ಕುಂಕುಮ ಹಚ್ಚಿ, ಕೋಡಿಗೆ ಹೂ ಸುತ್ತಿದ್ದಳು. ಮದುವೆ ಐತಲ್ರಿ ಎಂದು ನಕ್ಕಳು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನಾಲ್ಕು ಮಂದಿ ರೈತರು ನಿಂತಿದ್ದರು. ಇವಳು ಬೈದರೆ, ಅತ್ತರೆ, ದೇಸಾಯಿ ಡಾಕ್ಟರಿಗೆ ಮುಟ್ಟಿದರೆ? ಒಳಗೆ ಹೋದೆ. ಕಸದ ಬುಟ್ಟಿಯಲ್ಲಿ ಹಿಂದಿನ ದಿನ ಬಳಸಿ ಬಿಸಾಡಿದ್ದ ಖಾಲಿ ಕಡ್ಡಿಯೊಂದಿತ್ತು. ಅದನ್ನೇ ಗರ್ಭಧಾರಣೆಯ ಉಕ್ಕಿನ ಸಲಾಕೆಗೆ ಏರಿಸಿಕೊಂಡು ಬಂದು, ಅವಳ ಕಣ್ಣೆದುರಿಗೆ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆ. ಜರ್ಸಿ ಹಾಕಬಹುದಿತ್ತು. ಹಾಕಿದರೆ ಹುಟ್ಟುವ ಕರು ಬಾಯಿಬಿಟ್ಟು ಹೇಳಿಬಿಡುತ್ತದೆ, ಅದಕ್ಕೇ ಹಾಕಲಿಲ್ಲ. ನೋಡಿ, ಮನುಷ್ಯ ಎಷ್ಟು ಲೆಕ್ಕ ಹಾಕುತ್ತಾನೆ.

ಇಪ್ಪತ್ತೊಂದು ದಿನಕ್ಕೆ ಚಂದ್ರಿ ಮತ್ತೆ ಬೆದೆಗೆ ಬಂತು. ಬರದೆ ಏನು? ಅವಳು ಮತ್ತೆ ನಡೆಸಿಕೊಂಡು ಬಂದಳು. ಮತ್ತೆ ಖಾಲಿ ಕಡ್ಡಿ. ಮತ್ತಿಪ್ಪತ್ತೊಂದು ದಿನಕ್ಕೆ ಮೂರನೆಯ ಸಲ ಬಂದಾಗ ಕೋಡಿಗೆ ಹೂವಿರಲಿಲ್ಲ. ಅವಳ ಕಾಲು ಬಾತಿತ್ತು. ಈ ಸಲಾನೂ ನಿಲ್ಲದಿದ್ದರೆ ಏನ್ರೀ ಎಂದು ಕೇಳಿದಳು. ಕೆಲವು ಆಕಳು ಹಾಗಿರುತ್ತವೆ ಎಂದೆ. ನಾನು, ಈ ಬಾಯಿಂದ. ತಿಂಗಳು ಕಳೆದ ಮೇಲೆ, ಪದ್ಧತಿಯ ಪ್ರಕಾರ ಮೂರು ಸಲ ನಿಲ್ಲದ ಆಕಳನ್ನು ಏನೆಂದು ಬರೆಯಬೇಕೋ ಹಾಗೆಯೇ ದಾಖಲೆಯಲ್ಲಿ ಬರೆದೆ.

ಆಮೇಲೆ ಅವಳು ಬರಲಿಲ್ಲ. ನನ್ನ ವರ್ಗದ ಆರ್ಡರು ಬಂತು, ಕೇಳಿದ ಊರೇ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ಗಂಟುಮೂಟೆ ಕಟ್ಟುತ್ತಿದ್ದೆ. ನೀಲವ್ವ ಒಬ್ಬಳೇ ಬಂದಳು, ಕೈಯಲ್ಲಿ ಒಂದು ಸಣ್ಣ ಗಡಿಗೆ, ಅದರ ತುಂಬ ಬೆಣ್ಣೆ.

‘ಊರಿಗಿ ಹೊಂಟೀರಂತ ಗೊತ್ತಾತ್ರಿ ಡಾಕ್ಟ್ರ. ಬರಿಗೈಲೆ ಹ್ಯಾಂಗ ಕಳಸೂದು ಅಂತ ಬಂದ್ನಿ’ ಎಂದಳು.

ಚಂದ್ರಿ ಹೇಗಿದೆ ಎಂದು ಕೇಳದೆ ಇರಲಾಗಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

‘ಮಗ ತಾಳಿಕೋಟಿ ಸಂತ್ಯಾಗ ಮಾರಿ ಬಂದಾನ್ರಿ. ಗಬ್ಬ ನಿಲ್ಲದ ಆಕಳಕ್ಕ ಎಷ್ಟ ದಿನ ಮೇವ ಹಾಕೂದು ಅಂದ. ಕಡಿಯಾಕ ಕಟಗರ ತಗೊಂಡ್ರಂತ. ನಾ ಏನ್ ಅನ್ಲಿ? ಅವನ್ದೂ ತಪ್ಪಲ್ಲ.’

ನಾನು ಬಾಗಿ ಗಂಟಿನ ಹಗ್ಗ ಬಿಗಿದೆ. ಅವಳು ನನ್ನನ್ನೇ ಸಮಾಧಾನ ಮಾಡತೊಡಗಿದಳು.

‘ನೀವ್ಯಾಕ ಮಾರಿ ಸಣ್ಣದ ಮಾಡ್ತೀರಿ ಯಪ್ಪಾ? ಮೂರ ಸಲ ನಿಮ್ಮ ಕೈಲಾದಷ್ಟು ಮಾಡಿದ್ರಿ. ನಮ್ಮ ಆಕಳದಾಗ ದೋಷ ಇತ್ತು. ಹೊಳಿ ಆಚಿ ದಂಡಿ ಊರಾಗ ಒಂದ ಎಳೇ ಹೋರಿ ಉಳಿದಿತ್ರಿ, ನಮ್ಮ ತಳೀದ. ಅಲ್ಲಿಗರೆ ಹೊಡ್ಕೊಂಡ ಹೋಗಲೇನು ಅಂದ್ಕೊಂಡಿದ್ನಿ. ಗೂಳಿದು ಕಡ್ಡಿ ನಿಮ್ಮ ಕಡೆ ಐತಲ್ಲ, ಮತ್ತ್ಯಾಕ ಅಂತ ಬಿಟ್ನಿ. ಈಗ ಅದರ ಬೀಜಾನೂ ಒಡದಾರಂತ.’

ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಬಸ್ಸಿನ ಹೊತ್ತಾಯಿತು ಎಂದು ಎದ್ದಳು. ಉಳಿದ ಕಡ್ಡಿ ಜ್ವಾಕಿಲೆ ಇಡಾಕ ಹೇಳ್ರಿ ಹೊಸಬರಿಗೆ, ಯಾರಿಗರೆ ಬೇಕಾಗ್ತಾವು ಎಂದಳು. ಆಗಲಿ ಯವ್ವಾ ಎಂದೆ. ಗಡಿಗೆ ಇಸಿದುಕೊಂಡೆ. ಮನಗೂಳಿಗೆ ಒಯ್ದೆ. ಹೆಂಡತಿ ಕಾಯಿಸಿದ ತುಪ್ಪವನ್ನು ಬಿಸಿ ರೊಟ್ಟಿಗೆ ಹಚ್ಚಿಕೊಂಡು ಉಂಡೆ.

ಡಾಕ್ಟರಮ್ಮಾ, ಇದನ್ನು ನೀನು ಓದುತ್ತಿದ್ದರೆ ಅಂದಿನ ಕೂಗಾಟಕ್ಕೆ ಕ್ಷಮೆಯಿರಲಿ. ಮುದ್ದೇಬಿಹಾಳದ ಹಳೆಯ ದಾಖಲೆಗಳು ಗೆದ್ದಲು ತಿನ್ನದೆ ಉಳಿದಿದ್ದರೆ ಚಂದ್ರಿ ಎಂಬ ಆಕಳ ಹೆಸರು ಸಿಗುತ್ತದೆ. ಅದರ ಮುಂದೆ ‘ಬಂಜೆ’ ಎಂದಿದೆ, ಕೈಬರಹ ನನ್ನದು. ಅದನ್ನು ಹೊಡೆದುಹಾಕು. ಆ ಆಕಳಲ್ಲಿ ಯಾವ ದೋಷವೂ ಇರಲಿಲ್ಲ.